ಮಾವನ ಕಾರಿನ ದೊಡ್ಡ ಚಕ್ರ

ಆ ದಿನ ಬೆಳಿಗ್ಗೆ ಕನ್ನಡಕದ ಮೇಷ್ಟ್ರು ಕಾರಿನ ಪಕ್ಕದಲ್ಲಿ ನೆಟ್ಟಗೆ ನಿಂತು, ಅದರ ಚಕ್ರ ತಮ್ಮ ಮೊಣಕಾಲಿನಿಂದ ಒಂದು ಗೇಣು ಮೇಲಕ್ಕೂ ಬರುವುದಿಲ್ಲ ಎಂಬುದನ್ನು ಕಂಡುಕೊಳ್ಳದೇ ಇದ್ದಿದ್ದರೆ ಮುಂದಿನ ಯಾವ ಫಜೀತಿಯೂ ಆಗುತ್ತಿರಲಿಲ್ಲ. ಬಿರುಕು ಬಿಟ್ಟ ಹಳೇ ಟೈರುಗಳನ್ನು ತೆಗೆಸಿ, ಅದೇ ಅಳತೆಯ ಹೊಸವನ್ನು ಹಾಕಿಸಿ, ಸಂಜೆ ಅತ್ತೆಯನ್ನು ಕೆರೆಯ ತನಕ ಕರೆದುಕೊಂಡು ಹೋಗಿ ಬಂದು, ನೆಮ್ಮದಿಯಾಗಿ ಉಂಡು ಮಲಗುತ್ತಿದ್ದರು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಪೇಟೆ ಬೀದಿಯಲ್ಲಿ ಅವರದೊಂದು ಕನ್ನಡಕದ ಅಂಗಡಿ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಎದುರು ಗೋಡೆಯ ಅಕ್ಷರಗಳನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಿಸುತ್ತಿದ್ದರು. ತಪ್ಪು ಓದಿದರೆ ಲೊಚ್ ಎಂದು ನಾಲಿಗೆ ಸದ್ದು ಮಾಡುತ್ತಿದ್ದರು. ಮೊಮ್ಮಕ್ಕಳನ್ನು ಕಂಡ ದೊಡ್ಡ ಮನುಷ್ಯರೂ ಆ ಸದ್ದಿಗೆ ಒಂದನೇ ಕ್ಲಾಸಿನ ಮಕ್ಕಳ ಹಾಗೆ ಮುದುಡಿಕೊಳ್ಳುತ್ತಿದ್ದರು. ಹಾಗಾಗಿ ಬೀದಿಯೇ ಅವರಿಗೆ ಮೇಷ್ಟ್ರು ಎಂದು ಹೆಸರಿಟ್ಟುಬಿಟ್ಟಿತ್ತು.

ಕಾರು ಅವರ ಸೋದರಮಾವನದು. ಇಬ್ಬರೇ ಕೂರಬಹುದಾದ, ಉದ್ದ ಮೂತಿಯ, ಮೇಲೆ ಚಾವಣಿ ಇಲ್ಲದ ಕೆಂಪು ಸ್ಪೋರ್ಟ್ಸ್ ಕಾರು. ಮೇಷ್ಟ್ರು ಚಿಕ್ಕವರಿದ್ದಾಗ ರಜೆ ಬಂತೆಂದರೆ ಮಾವನ ಮನೆಗೆ ಓಡುತ್ತಿದ್ದುದೇ ಆ ಕಾರಿಗಾಗಿ. ಅತ್ತೆಯ ತೊಡೆಯ ಮೇಲೆ ಕೂತರೆ ಗಾಳಿ ಕಿವಿಯೊಳಗೆ ನುಗ್ಗಿ ಆಚೆ ಕಿವಿಯಿಂದ ಹೊರಗೆ ಹೋಗುತ್ತಿದೆಯೇನೋ ಅನ್ನಿಸುತ್ತಿತ್ತು. ಬಿಸಿಲಿಗೆ ಕಾದ ಚರ್ಮದ ಸೀಟಿನ ವಾಸನೆ, ಪೆಟ್ರೋಲಿನ ವಾಸನೆ, ಮಾವನ ತಲೆಗೆಣ್ಣೆಯ ವಾಸನೆ ಮೂರೂ ಸೇರಿ ಒಂದಾಗಿದ್ದ ಆ ಘಮ ಆಮೇಲೆ ಅವರಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಮಾವ ಒಂದು ಮೊಣಕೈಯನ್ನು ಬಾಗಿಲ ಮೇಲಿಟ್ಟು, ಸಿಳ್ಳೆ ಹಾಕುತ್ತಾ, ಇಡೀ ಊರು ತನ್ನದೇ ಎನ್ನುವ ಹಾಗೆ ಓಡಿಸುತ್ತಿದ್ದರು.

ಮಾವ ತೀರಿಹೋಗಿ ವರ್ಷ ಕಳೆದ ಮೇಲೆ ಅತ್ತೆ ಕಾರಿನ ಕೀಲಿಯನ್ನು ತಂದು ಮೇಷ್ಟ್ರ ಅಂಗೈಯಲ್ಲಿಟ್ಟರು. ಕೇಳಿದ್ದು ಒಂದೇ ಒಂದು. ತಾನು ಮಗಳ ಊರಿಗೆ ಹೋಗಿ ನೆಲೆಸುವ ಮೊದಲು ಈ ಕಾರಿನಲ್ಲಿ ಒಮ್ಮೆ ಕೆರೆಗೆ ಕರೆದುಕೊಂಡು ಹೋಗಬೇಕು. ಮೆಕ್ಯಾನಿಕ್ಕು ಎಂಜಿನ್ನಿಗೆ ಜೀವ ಬರಿಸುವಷ್ಟರಲ್ಲಿ ದಿನಗಳೆಲ್ಲ ಜಾರಿಹೋಗಿದ್ದವು. ಮಗಳು ನಾಳೆ ಬೆಳಿಗ್ಗೆ ಬಂದು ಕರೆದೊಯ್ಯುವವಳಿದ್ದಳು. ಉಳಿದಿದ್ದು ಈ ಸಂಜೆ ಮಾತ್ರ.

ಮೇಷ್ಟ್ರ ನೆನಪಿನಲ್ಲಿ ಆ ಚಕ್ರ ತಮ್ಮ ಎದೆಯ ಮಟ್ಟಕ್ಕೆ ಬರುತ್ತಿತ್ತು. ಕಣ್ಣಾಮುಚ್ಚಾಲೆಯಲ್ಲಿ ಅದರ ಹಿಂದೆ ಕೂತರೆ ಯಾರಿಗೂ ಕಾಣುತ್ತಿರಲಿಲ್ಲ. ಈಗ ನೋಡಿದರೆ ಮಾವನ ಸಿಂಹ ಬೆಕ್ಕಿನ ಕಾಲು ಅಂಟಿಸಿಕೊಂಡು ನಿಂತಿತ್ತು. ಯಾರೋ ಚಕ್ರ ಬದಲಾಯಿಸಿದ್ದಾರೆ, ಮೊದಲು ಇನ್ನೂ ದೊಡ್ಡದಿತ್ತು ಎಂದು ಅವರು ಹೆಂಡತಿಗೆ ಹೇಳಿದರು.

"ಆಗ ನೀವು ಎಷ್ಟೆತ್ತರ ಇದ್ರಿ?" ಎಂದು ಅವರ ಹೆಂಡತಿ ಕೇಳಿದರು.

ಜನರ ಕಣ್ಣಿನ ಕಾಲು ಪಾಯಿಂಟು ದೋಷವನ್ನೂ ಹಿಡಿಯುವ ಮನುಷ್ಯನಿಗೆ ತನ್ನ ಕಣ್ಣೇ ಮೋಸಮಾಡಿರಬಹುದು ಎಂದರೆ ಹೇಗಾಗಬೇಡ? ಮೇಷ್ಟ್ರು ಲೊಚ್ ಎಂದರು. ಆ ಸದ್ದು ಮನೆಯೊಳಗೆ ನಡೆಯುತ್ತಿರಲಿಲ್ಲ. ಹೆಂಡತಿ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದರು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಸ್ಟೇಷನ್ ಮಾಸ್ಟರು ಕಾಂಪೌಂಡ್ ಗೋಡೆಯ ಮೇಲೆ ಗಲ್ಲವಿಟ್ಟುಕೊಂಡು ಹಾಜರಾದರು. ಜೀವಮಾನವಿಡೀ ರೈಲುಗಳಿಗೆ ಬಾ, ಹೋಗು ಎಂದು ಹೇಳಿದ್ದ ಅವರಿಗೆ ಈಗ ಹೇಳಲು ಮೇಷ್ಟ್ರ ಮನೆಯೊಂದೇ ಉಳಿದಿತ್ತು. ಚಕ್ರ ದೊಡ್ಡದಿದ್ದಷ್ಟೂ ಗಾಡಿಗೆ ಘನತೆ, ರೈಲನ್ನೇ ನೋಡಿ, ಎಂದು ಅವರು ಹಸಿರು ನಿಶಾನೆ ತೋರಿಸಿದರು. ಅವರ ಮಾತಿಗೆ ತಾಳ ಹಾಕಲು ಮೇಷ್ಟ್ರ ಭಾವಮೈದುನನೂ ಬಂದ. ಅವನು ಬಟ್ಟೆ ಗಿರಣಿಯ ಗುಮಾಸ್ತ. ಸ್ವಂತಕ್ಕೆ ಇದ್ದುದು ಒಂದು ಸೈಕಲ್ಲು. ಆದರೆ ಕಾರಿನ ಮಾಸಪತ್ರಿಕೆಗಳನ್ನು ಓದಿ ಓದಿ, ಬೀದಿಯಲ್ಲಿ ಯಾವ ಕಾರು ಹೋದರೂ ಅದರ ಕಾಯಿಲೆ ಏನೆಂದು ಹೇಳಬಲ್ಲವನಾಗಿದ್ದ.

"ಭಾವ, ಸ್ಪೋರ್ಟ್ಸ್ ಕಾರು ಅಂದ್ರೆ ರಿಮ್ ದೊಡ್ಡದು, ಟೈರು ಅಗಲ ಇರ್ಬೇಕು. ಇದೇನಿದು, ಮಗು ತಳ್ಳೋ ಗಾಡಿ ಥರ. ನಾನೂ ಬರ್ತೀನಿ, ನಾನೇ ಆರಿಸಿಕೊಡ್ತೀನಿ."

ಟೈರ್ ಅಂಗಡಿಯ ಮಾಲೀಕ ಇಲ್ಲ ಎನ್ನುವ ಮಾತನ್ನು ಕಲಿತೇ ಇರಲಿಲ್ಲ. ಏನು ಕೇಳಿದರೂ "ಕೂರುತ್ತೆ ಸಾರ್" ಎನ್ನುತ್ತಿದ್ದ. ಅಂಗಡಿಯ ಗೋಡೆಯ ತುಂಬ ರಿಮ್ಮುಗಳು ನೇತಾಡುತ್ತಿದ್ದವು. ಸೂರ್ಯಕಾಂತಿಯ ಹಾಗೆ ಎಸಳು ಬಿಟ್ಟವು, ನಕ್ಷತ್ರದ ಹಾಗೆ ಐದೇ ಕಡ್ಡಿಯವು, ಕಾಡಿಗೆ ಬಳಿದಂತೆ ಕಪ್ಪಾದವು, ಸೈಕಲ್ ಚಕ್ರದ ಹಾಗೆ ತಂತಿ ಹೆಣೆದವು. ಒಂದು ಮೂಲೆಯಲ್ಲಿ ಕಾರಿನ ಈಗಿನ ಅಳತೆಗೇ ಸರಿಯಾದ ನಾಲ್ಕು ಟೈರುಗಳೂ ಒಂದರ ಮೇಲೊಂದು ಕೂತಿದ್ದವು. ಈ ಅಳತೆಯದು ಇದೊಂದೇ ಸೆಟ್ ಉಳಿದಿರುವುದು, ಬೇಕಾದರೆ ಅರ್ಧ ಗಂಟೆಯ ಕೆಲಸ ಎಂದ ಮಾಲೀಕ. ಮೇಷ್ಟ್ರು ಒಂದು ಕ್ಷಣ ಅತ್ತ ನೋಡಿದರು. ಭಾವಮೈದುನ ಅವರ ಭುಜ ಹಿಡಿದು ಇತ್ತ ತಿರುಗಿಸಿದ.

ಆಮೇಲೆ ಆಯ್ಕೆ ಶುರುವಾಯಿತು. ಮದುವೆಗೆ ಸೀರೆ ಆರಿಸುವವರೂ ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ರಿಮ್ಮು ದೊಡ್ಡದಾದರೆ ಟೈರಿನ ದಪ್ಪ ಕಡಿಮೆ ಮಾಡಬೇಕು, ಒಟ್ಟು ಎತ್ತರ ಹಾಗೇ ಉಳಿಯಬೇಕು ಎಂದು ಭಾವಮೈದುನ ಪತ್ರಿಕೆಯಲ್ಲಿ ಓದಿದ್ದನ್ನು ಒಪ್ಪಿಸಿದ. ಎತ್ತರ ಹಾಗೇ ಉಳಿಯುವುದಾದರೆ ತಾವು ಬಂದದ್ದೇಕೆ ಎಂದು ಮೇಷ್ಟ್ರು ಕೇಳಿದರು. ಆ ಪ್ರಶ್ನೆಗೆ ಪತ್ರಿಕೆಯಲ್ಲಿ ಉತ್ತರವಿರಲಿಲ್ಲ. ಹಾಗಾಗಿ ರಿಮ್ಮೂ ದೊಡ್ಡದು, ಟೈರೂ ದಪ್ಪ ಎಂದು ತೀರ್ಮಾನವಾಯಿತು. ಅಗಲ ಟೈರು ಹಾಕಿದರೆ ಮಡ್‌ಗಾರ್ಡಿಗೆ ತಾಗುವುದಿಲ್ಲವೇ ಎಂದು ಮೇಷ್ಟ್ರು ಅನುಮಾನಿಸಿದಾಗ ಮಾಲೀಕ ಕಾರನ್ನು ಒಮ್ಮೆ ಸುತ್ತಿ ಬಂದು, "ಕೂರುತ್ತೆ ಸಾರ್" ಎಂದ.

ಮೇಷ್ಟ್ರು ಒಂದೊಂದೇ ಚಕ್ರದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಲೆ ತಗ್ಗಿಸಿ, ಮಾವನ ಮನೆಯ ಅಂಗಳದಲ್ಲಿ ಅಡಗಿದ್ದ ಹುಡುಗನಿಗೆ ಇದು ಸರಿಹೋಗುತ್ತದೆಯೇ ಎಂದು ನೋಡಿದರು. ಟೈರ್ ಅಂಗಡಿಯವರು ಅಂಥ ಅಳತೆಯನ್ನು ಅದುವರೆಗೆ ಕಂಡಿರಲಿಲ್ಲ. ಕೊನೆಗೆ ತಂತಿ ಹೆಣೆದ ಬೆಳ್ಳಿ ಬಣ್ಣದ ರಿಮ್ಮೊಂದರ ಹಿಂದೆ ಕೂತಾಗ ಅವರಿಗೆ ಎದುರಿನ ಬೀದಿ ಕಾಣದಾಯಿತು. ಕೆಲಸದವರ ಮಾತೂ ಕೇಳದಾಯಿತು. ಎಲ್ಲೋ ದೂರದಲ್ಲಿ ಮಾವನ ಸಿಳ್ಳೆ ಕೇಳಿದಂತಾಯಿತು. ಇದೇ, ಎಂದರು. ಅವರ ಕಣ್ಣು ಒದ್ದೆಯಾಗಿದ್ದನ್ನು ಕಂಡು ಮಾಲೀಕ ರಬ್ಬರಿನ ಧೂಳೆಂದುಕೊಂಡು ಫ್ಯಾನ್ ಹಾಕಿಸಿದ.

ಹಳೇ ಟೈರುಗಳು ರಿಮ್ಮಿನಿಂದ ಬಿಡಿಸುವಾಗಲೇ ಒಣಗಿದ ರೊಟ್ಟಿಯ ಹಾಗೆ ಮುರಿದವು. ಹೊಸ ಚಕ್ರಗಳನ್ನು ಹತ್ತಿಸಿ, ಜಾಕ್ ಇಳಿಸಿದಾಗ ಕಾರು ಹಬ್ಬದ ದಿನದ ಎತ್ತಿನ ಹಾಗೆ ಎದೆಯುಬ್ಬಿಸಿ ನಿಂತಿತು. ಅಂಗಡಿಯ ಮುಂದೆ ಹೋಗುತ್ತಿದ್ದವರು ನಿಂತು ನೋಡಿದರು. ಅದೇ ಹೊತ್ತಿಗೆ ಐಸ್‌ಕ್ರೀಮ್ ವ್ಯಾನಿನವನೊಬ್ಬ ಬಂದು ಮೂಲೆಯಲ್ಲಿದ್ದ ಆ ನಾಲ್ಕು ಚಿಕ್ಕ ಟೈರುಗಳನ್ನು ವ್ಯಾನಿಗೆ ಹಾಕಿಸಿಕೊಂಡು, ಗಂಟೆ ಬಾರಿಸುತ್ತಾ ಹೋದ. ಯಾರೂ ಅವನತ್ತ ತಿರುಗಿ ನೋಡಲಿಲ್ಲ.

ಅಂಗಡಿಯಿಂದ ಹೊರಬಿದ್ದು ಎಡಕ್ಕೆ ತಿರುಗಿದರು. ಕಾರು ಬೆಣ್ಣೆಯಲ್ಲಿ ಚಾಕು ಆಡಿದಂತೆ ತಿರುಗಿತು. ಭಾವಮೈದುನ ಮೀಸೆಯಡಿಯಲ್ಲೇ ನಕ್ಕ. ಮುಂದಿನ ತಿರುವು ಬಲಕ್ಕೆ. ಮೇಷ್ಟ್ರು ಸ್ಟೀರಿಂಗ್ ತಿರುಗಿಸಿದರು. ಹಲ್ಲಿನ ಡಾಕ್ಟರು ದವಡೆ ಹಲ್ಲಿಗೆ ಕೈ ಹಾಕಿದಂತೆ ಕರ್ರ್ ಎಂದು ಸದ್ದಾಯಿತು. ಸ್ಟೀರಿಂಗ್ ಅಲ್ಲೇ ನಿಂತಿತು. ಕಾರು ಬಲಕ್ಕೆ ಹೋಗಲಾರದೆ, ನೇರಕ್ಕೂ ಹೋಗದೆ, ಪುಸ್ತಕದಂಗಡಿಯ ಮೆಟ್ಟಿಲ ಮುಂದೆ ಹೋಗಿ ನಮಸ್ಕಾರ ಮಾಡುವವರ ಹಾಗೆ ಮೂತಿ ತಗ್ಗಿಸಿ ನಿಂತಿತು.

ಹಿಂದಕ್ಕೆ ತೆಗೆದುಕೊಂಡು, ಎಡ, ಎಡ, ಎಡ ಎಂದು ತಿರುಗಿ ಮತ್ತೆ ಟೈರ್ ಅಂಗಡಿಗೇ ಬಂದರು. ಮಾಲೀಕ ನೆಲದ ಮೇಲೆ ಮಲಗಿ ನೋಡಿ ಎದ್ದ. ಬಲಗಡೆ ಮಡ್‌ಗಾರ್ಡಿನ ಒಳಗೆ ಬ್ಯಾಟರಿಯ ಪೆಟ್ಟಿಗೆ ಇದೆಯಂತೆ. ಬಲಕ್ಕೆ ತಿರುಗಿಸಿದರೆ ಚಕ್ರ ಹೋಗಿ ಅದಕ್ಕೆ ಒದೆಯುತ್ತದಂತೆ. ಪೆಟ್ಟಿಗೆಯನ್ನು ಕತ್ತರಿಸಿ ಬೇರೆ ಕಡೆ ಕೂರಿಸಲು ಎರಡು ದಿನ ಬೇಕಂತೆ. ಚಿಕ್ಕ ಟೈರುಗಳನ್ನೇ ಕೊಟ್ಟುಬಿಡಿ ಎಂದು ಮೇಷ್ಟ್ರು ಕೇಳಿದರೆ, ಅವು ಐಸ್‌ಕ್ರೀಮ್ ಮಾರುತ್ತಾ ಯಾವ ಬೀದಿಯಲ್ಲಿವೆಯೋ ಎಂದ.

"ನೀನು ಕೂರುತ್ತೆ ಅಂದ್ಯಲ್ಲಪ್ಪ?"

"ಕೂತಿದೆಯಲ್ಲ ಸಾರ್," ಎಂದ ಮಾಲೀಕ. "ತಿರುಗುತ್ತೆ ಅಂತ ನಾನು ಎಲ್ಲಿ ಹೇಳಿದೆ?"

ಭಾವಮೈದುನ ಧೈರ್ಯಗೆಡಲಿಲ್ಲ. ಮೂರು ಸಲ ಎಡಕ್ಕೆ ತಿರುಗಿದರೆ ಒಂದು ಸಲ ಬಲಕ್ಕೆ ತಿರುಗಿದ ಹಾಗೆಯೇ, ಊರಲ್ಲಿ ಎಡಕ್ಕೇನು ಬರವೇ, ಎಂದು ಸಮಾಧಾನ ಹೇಳಿದ. ಲೆಕ್ಕ ಸರಿಯಿತ್ತು. ಆದರೆ ಆ ಲೆಕ್ಕದ ಪ್ರಕಾರ ಹೊರಟರೆ ಪೇಟೆ ಬೀದಿಯನ್ನು ಮತ್ತೆ ಮತ್ತೆ ಹಾದುಹೋಗಬೇಕಾಗುತ್ತಿತ್ತು. ಪೇಟೆ ಬೀದಿಯಲ್ಲಿ ಮೇಷ್ಟ್ರ ಮುಚ್ಚಿದ ಅಂಗಡಿಯ ಮುಂದೆ ಟೈಲರ್ ಒಬ್ಬ ಬೆಳಗಿನಿಂದ ತನ್ನ ಕನ್ನಡಕಕ್ಕಾಗಿ ಕಾಯುತ್ತಾ ಕೂತಿದ್ದ. ಮೊದಲ ಸುತ್ತಿನಲ್ಲಿ ಕೆಂಪು ಕಾರು ಕಂಡು ಅವನು ಎದ್ದು ನಿಂತು ಕೈಮುಗಿದ. ಮೇಷ್ಟ್ರು ನಿಲ್ಲಿಸಲು ಜಾಗವಿಲ್ಲದೆ ತಲೆಯಾಡಿಸಿ ಮುಂದೆ ಹೋದರು. ಎರಡನೇ ಸುತ್ತಿನಲ್ಲಿ ಅವನು ಕೈಮುಗಿಯಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ನೋಡಿದ. ಮೂರನೆಯ ಸುತ್ತಿನಲ್ಲಿ ಅಂಗಡಿಯ ಮೆಟ್ಟಿಲಿಳಿದು ಬೀದಿಯ ನಡುವೆಯೇ ನಿಂತ. ನಾನು ಸೂಜಿಗೆ ದಾರ ಪೋಣಿಸಲಾಗದೆ ಕೂತಿದ್ದರೆ ನೀವು ನನ್ನ ಕಣ್ಣೆದುರೇ ಮೆರವಣಿಗೆ ಹೋಗುತ್ತಿದ್ದೀರಲ್ಲ ಎಂದು ಗಟ್ಟಿಯಾಗಿ ಕೇಳಿದ. ಮೇಷ್ಟ್ರು ಕಾರಿನಿಂದಿಳಿದು, ಅಂಗಡಿ ತೆಗೆದು, ಅವನ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡು ಅವನು ಮೊದಲು ನೋಡಿದ್ದು ಕಾರಿನ ಚಕ್ರವನ್ನು. ಇದು ಸ್ವಲ್ಪ ದೊಡ್ಡದಾಯಿತು, ಎಂದ. ಅಳತೆಯಲ್ಲಿ ಪಳಗಿದ ಕಣ್ಣು.

ಅಲ್ಲಿಂದ ಮುಂದೆ ಚೌಕದಲ್ಲಿ ಎಡಗಡೆಯ ಬೀದಿಯನ್ನು ನೀರಿನ ಪೈಪಿಗಾಗಿ ಅಗೆದಿದ್ದರು. ಪೊಲೀಸಿನವನು ಬಂದ ಗಾಡಿಗಳನ್ನೆಲ್ಲ ಬಲಕ್ಕೆ ಕಳಿಸುತ್ತಿದ್ದ. ಮೇಷ್ಟ್ರು ನಿಂತುಬಿಟ್ಟರು. ಪೊಲೀಸಿನವನು ಬಲಕ್ಕೆ ಕೈ ತೋರಿಸಿದ. ಮೇಷ್ಟ್ರು ಆಗುವುದಿಲ್ಲವೆಂದು ತಲೆಯಾಡಿಸಿದರು. ಅವನ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಯಾರೂ ಅವನ ಕೈಗೆ ಹಾಗೆ ಉತ್ತರ ಕೊಟ್ಟಿರಲಿಲ್ಲವೇನೋ, ಅವನು ಪೀಪಿ ಊದುವುದನ್ನೂ ಮರೆತು ಹತ್ತಿರ ಬಂದ. ಹಿಂದೆ ಹಾರ್ನುಗಳ ಸುರಿಮಳೆ. ಭಾವಮೈದುನ ಇಳಿದು ವಿವರಿಸಿದ. ಕೊನೆಗೆ ಬಸ್ ಸ್ಟಾಪಿನಲ್ಲಿದ್ದ ಗಂಡಸರೆಲ್ಲ ಬಂದು, ಕಾರಿನ ಮೂತಿಯನ್ನು ಮಂಚ ಎತ್ತುವ ಹಾಗೆ ಎತ್ತಿ, ಬಲಕ್ಕೆ ತಿರುಗಿಸಿ ಇಟ್ಟರು. ಮೇಷ್ಟ್ರು ಮದುಮಗನ ಹಾಗೆ ಸ್ಟೀರಿಂಗ್ ಹಿಡಿದು ತಲೆತಗ್ಗಿಸಿ ಒಳಗೇ ಕೂತಿದ್ದರು. ಭಾವಮೈದುನ ಗಿರಣಿಯಲ್ಲಿ ಕೆಲಸವಿದೆಯೆಂದು ಅಲ್ಲಿಂದಲೇ ಬಸ್ಸು ಹತ್ತಿದ. ಅವತ್ತು ಗಿರಣಿಗೆ ರಜೆ.

ಮೇಷ್ಟ್ರು ಅತ್ತೆಯ ಮನೆ ಮುಟ್ಟುವಾಗ ಬಿಸಿಲು ಹಳದಿಗೆ ತಿರುಗಿತ್ತು. ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಗಾಳಿಗೆ ಕೂದಲು ಹಾರದಂತೆ ತಲೆಗೊಂದು ಬಟ್ಟೆ ಕಟ್ಟಿಕೊಂಡು, ಗೇಟಿನ ಬಳಿಯೇ ನಿಂತಿದ್ದರು. ಕಟ್ಟಿಟ್ಟ ಪೆಟ್ಟಿಗೆಗಳು ಒಳಗೆ ಹಜಾರದಲ್ಲಿ ಸಾಲಾಗಿ ಕೂತಿದ್ದವು. ಕಾರು ಬಂದು ನಿಂತಾಗ ಅತ್ತೆಯ ಕಣ್ಣು ನೇರವಾಗಿ ಚಕ್ರದ ಮೇಲೆ ಹೋಯಿತು. ಬಗ್ಗಿ ನೋಡಿದರು. ತಂತಿಯ ಮೇಲೆ ಬೆರಳಾಡಿಸಿದರು. ಆಮೇಲೆ ಗೇಟು ಹಿಡಿದುಕೊಂಡು ನಗತೊಡಗಿದರು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮೊದಲು ಹೀಗೇ ಇತ್ತು ಅಲ್ವಾ ಅತ್ತೆ, ಚಕ್ರ?"

"ಹೀಗೇ ಇತ್ತು ಕಣೋ. ಇದೇ ಥರ ತಂತೀದು. ಇಷ್ಟೇ ದೊಡ್ಡದು."

ದಿನವಿಡೀ ಬಗ್ಗಿದ್ದ ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಹೆಂಡತಿಯನ್ನೂ ಟೈಲರನನ್ನೂ ಪೊಲೀಸಿನವನನ್ನೂ ಸಾಲಾಗಿ ನಿಲ್ಲಿಸಿ ಈ ಮಾತನ್ನು ಕೇಳಿಸಬೇಕೆನ್ನಿಸಿತು. ಬಲಗಡೆಯ ವಿಷಯವನ್ನು ಅವರು ಅತ್ತೆಗೆ ಹೇಳಲಿಲ್ಲ. ಹೇಗೋ ನಿಧಾನಕ್ಕೆ ಒತ್ತಿ ತಿರುಗಿಸಿದರೆ ಆದೀತು ಎಂದುಕೊಂಡು ಹೊರಟರು.

ಕೆರೆಯ ದಾರಿ ಊರಾಚೆ, ಸೇತುವೆಗೆ ಸ್ವಲ್ಪ ಮೊದಲು ಬಲಕ್ಕೆ ಒಡೆಯುತ್ತದೆ. ಅಲ್ಲಿ ಎಡಗಡೆ ಉದ್ದಕ್ಕೂ ರೈಲ್ವೆ ಬೇಲಿ, ಸುತ್ತು ಹಾಕೋಣವೆಂದರೆ ಸಂದಿಯಿಲ್ಲ. ಹಿಂದೆ ಲಾರಿಗಳ ಸಾಲು, ನಿಂತು ಹಿಂದೆ ಮುಂದೆ ಮಾಡೋಣವೆಂದರೆ ಬಿಡುವವರಿಲ್ಲ. ನೇರ ಹೋದರೆ ಸೇತುವೆ, ಅದರ ಮೇಲೆ ಊರಾಚೆ ಹೋಗುವ ಗಾಡಿಗಳಿಗಷ್ಟೇ ದಾರಿ. ಅದನ್ನು ದಾಟಿ ಎಡ, ಮತ್ತೆ ಎಡ ಎಂದು ಹೋದರೆ ಹಳೇ ಸೇತುವೆಯ ಮೇಲಿಂದ ತಿರುಗಿ ಊರಿಗೇ ಬರಬೇಕು. ಮೇಷ್ಟ್ರು ತಿರುವಿನಲ್ಲಿ ಉಸಿರು ಬಿಗಿಹಿಡಿದು ಸ್ಟೀರಿಂಗ್ ಒತ್ತಿದರು. ಕರ್ರ್. ಹಿಂದಿನ ಲಾರಿ ಮೈಮೇಲೆ ಬಂದಂತೆ ಕೂಗಿತು. ಕಾರು ನೇರ ಸೇತುವೆ ಹತ್ತಿತು.

ದಾರಿ ತಪ್ಪಿತು ಎಂದು ಹೇಳಿ ಮೇಷ್ಟ್ರು ಇಡೀ ಸುತ್ತು ಹಾಕಿಕೊಂಡು ಅದೇ ತಿರುವಿಗೆ ಬಂದರು. ಮತ್ತೆ ಕರ್ರ್. ಮತ್ತೆ ಸೇತುವೆ. ಅವರ ಅಂಗಿ ಬೆನ್ನಿಗಂಟಿತ್ತು. ಸೇತುವೆಯಾಚೆ ಒಂದು ಮರದ ಕೆಳಗೆ ಕಾರು ನಿಲ್ಲಿಸಿ, ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿಬಿಟ್ಟರು. ಒಂದೇ ಒಂದು ಕೇಳಿದ್ರಿ, ಅದನ್ನೂ ನನ್ನ ಕೈಯಾರೆ ಹಾಳುಮಾಡಿದೆ ಅತ್ತೆ, ಎಂದರು.

ಅತ್ತೆ ತಲೆಯ ಬಟ್ಟೆಯ ಗಂಟನ್ನು ಸರಿಮಾಡಿಕೊಂಡರು.

"ನೀನ್ಯಾಕೋ ಇಷ್ಟು ಬೆವರ್ತೀಯ? ನಿಮ್ಮ ಮಾವ ಬೆವರ್ತಾನೇ ಇರ್ಲಿಲ್ಲ. ಆ ತಿರುವು ಬಂದ ತಕ್ಷಣ ಸಿಳ್ಳೆ ಹಾಕ್ಕೊಂಡು ನೇರ ಹೋಗ್ಬಿಡೋರು."

ಮೇಷ್ಟ್ರು ಅತ್ತೆಯ ಮುಖ ನೋಡಿದರು.

"ಮದುವೆಯಾದ ಹೊಸದು. ನನ್ನನ್ನ ಕೆರೆಗೆ ಕರ್ಕೊಂಡು ಹೋಗ್ತೀನಿ ಅಂದ್ರು. ಹೆಂಡ್ತಿ ಮುಂದೆ ಕಾರು ಜೋರಾಗಿ ಕಾಣ್ಲಿ ಅಂತ ಹಿಂದಿನ ದಿನ ಹೋಗಿ ದೊಡ್ಡ ಚಕ್ರ ಹಾಕಿಸ್ಕೊಂಡು ಬಂದಿದ್ರು. ಅವತ್ತಿಂದ ಈ ಕಾರು ಬಲಕ್ಕೆ ತಿರುಗಿದ್ದಿಲ್ಲ. ಒಪ್ಕೊಳ್ಳೋಕೆ ಅವರಿಗೆ ನಾಚಿಕೆ. ಒಂದ್ಸಲ ಕೆರೇಲಿ ನೀರಿಲ್ಲ ಅಂದ್ರು. ಒಂದ್ಸಲ ನೀರು ಜಾಸ್ತಿಯಾಗಿದೆ ಅಂದ್ರು. ನಾನೂ ಕೇಳೋಕೆ ಹೋಗ್ಲಿಲ್ಲ."

"ಹಾಗಾದ್ರೆ ನಾನು ಜೊತೇಲಿದ್ದಾಗ? ಅಷ್ಟೆಲ್ಲ ಸುತ್ತಿದ್ದು?"

"ಇದೇ ಸುತ್ತು. ತಿರುಗಿಸೋಕಾಗದೆ ಅವರು ಸುತ್ತೋರು. ನೀನು ಮನೆಗೆ ಹೋಗಿ, ಮಾವ ನನಗೋಸ್ಕರ ಒಂದಲ್ಲ ಮೂರು ಸುತ್ತು ಹಾಕಿದ್ರು ಅಂತ ಹೇಳ್ಕೊಳ್ತಿದ್ದೆ. ಅದನ್ನ ಕೇಳಿ ಅವರಿಗೆ ಬಹಳ ಖುಷಿ. ಆಮೇಲೆ ಆ ಚಕ್ರ ಸವೆದು ಚಿಕ್ಕ ಚಕ್ರ ಬಂತು. ಇನ್ನೇನು ಹೋಗಬಹುದು ಅನ್ನೋಷ್ಟರಲ್ಲಿ ಅವರಿಗೆ ಸೊಂಟ ಹಿಡ್ಕೊಂಡ್ತು. ಇದರೊಳಗೆ ಕೂತ್ರೆ ಎತ್ತೋಕೆ ಇಬ್ಬರು ಬೇಕು. ಶೆಡ್ಡಲ್ಲಿ ನಿಲ್ಲಿಸಿಬಿಟ್ರು."

"ಅಂದ್ರೆ ನೀವು ಕೆರೆ ನೋಡೇ ಇಲ್ವಾ ಅತ್ತೆ?"

"ಎಲ್ಲಿ ನೋಡ್ಲಿ? ಹೇಗಿದ್ರೂ ಈಗ ಚಿಕ್ಕ ಚಕ್ರ ಇದೆ, ಇವನಾದ್ರೂ ತೋರಿಸ್ತಾನೆ ಅಂತ ನಿನಗೆ ಕೀಲಿ ಕೊಟ್ಟೆ."

ಮೇಷ್ಟ್ರಿಗೆ ಕಾರಿನ ಕೆಳಗೆ ಹೋಗಿ ಮಲಗಿಬಿಡಬೇಕೆನ್ನಿಸಿತು. ಈಗಲೇ ಟ್ಯಾಕ್ಸಿ ಹಿಡಿಯೋಣ, ಇನ್ನೂ ಬೆಳಕಿದೆ ಎಂದು ಬಾಗಿಲಿಗೆ ಕೈ ಹಾಕಿದರು. ಅತ್ತೆ ಅವರ ತೋಳು ಹಿಡಿದು ಕೂರಿಸಿದರು. ಟ್ಯಾಕ್ಸಿಯಲ್ಲಿ ಹೋಗುವುದಾಗಿದ್ದರೆ ಎಂದೋ ಹೋಗಬಹುದಿತ್ತು, ಕರೆದುಕೊಂಡು ಹೋಗುತ್ತೇನೆ ಎಂದವರು ಈ ಕಾರಿನವರು ತಾನೇ, ಎಂದರು. ಕೆರೆ ಬಹಳ ಚೆನ್ನಾಗಿತ್ತು ಅಂತ ನಾಳೆ ಮಗಳಿಗೆ ಹೇಳುತ್ತೇನೆ, ಇಷ್ಟು ವರ್ಷವೂ ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದ್ದೇನೆ, ಎಂದೂ ಸೇರಿಸಿದರು.

ಆಮೇಲೆ ಸೀಟಿಗೊರಗಿ, ಒಂದು ಮೊಣಕೈಯನ್ನು ಬಾಗಿಲ ಮೇಲೆ ಚಾಚಿದರು.

"ಇನ್ನೊಂದು ಸುತ್ತು ಹಾಕಪ್ಪ. ಆ ತಿರುವಿನ ಹತ್ರ ಮಾತ್ರ ಸ್ವಲ್ಪ ನಿಧಾನಕ್ಕೆ ಹೋಗು. ಮರಗಳ ಸಂದೀಲಿ ಒಂಚೂರು ನೀರು ಕಾಣುತ್ತೆ."

ಮೇಷ್ಟ್ರು ಗೇರ್ ಹಾಕಿ ಎಡಕ್ಕೆ ತಿರುಗಿಸಿದರು.